ಕ್ರಿಸ್ಮಸ್ ಮರದ ಹಿಮ ಬಿಡಿಸಿದ ವಾರ

ತರೀಕೆರೆಯ ಶಾಲೆಯಿಂದ ಆ ಮರ ಕಡೂರಿಗೆ ವಾಪಸ್ ಬಂದದ್ದು ಡಿಸೆಂಬರಿನ ಒಂದು ಸೋಮವಾರ. ಲಗೇಜ್ ಆಟೋದಿಂದ ಇಳಿಸುವಷ್ಟರಲ್ಲೇ ಚಾಲಕನ ಅಂಗಿಯ ತೋಳು ಬೆಳ್ಳಗಾಗಿತ್ತು. ಎಂಟಡಿ ಎತ್ತರದ ಪ್ಲಾಸ್ಟಿಕ್ ಕ್ರಿಸ್ಮಸ್ ಮರ. ಕೊಂಬೆಗಳ ಮೇಲೆ ಹಿಮ ಬಿದ್ದ ಹಾಗೆ ಕಾಣಲೆಂದು ಬಿಳಿ ಪುಡಿಯನ್ನು ಅಂಟಿಸಿದ್ದರು. ಅದು ಈಗ ಮುಟ್ಟಿದರೂ ಉದುರುತ್ತಿತ್ತು, ಮುಟ್ಟದಿದ್ದರೂ ಉದುರುತ್ತಿತ್ತು.

ನಾನು ಕೆಲಸ ಮಾಡುವುದು ಕಡೂರಿನ ಒಂದು ಡೆಕೊರೇಶನ್ ಅಂಗಡಿಯಲ್ಲಿ. ಮದುವೆಗೆ, ನಾಮಕರಣಕ್ಕೆ, ಶಾಲೆಯ ವಾರ್ಷಿಕೋತ್ಸವಕ್ಕೆ ಬೇಕಾದ ಬಟ್ಟೆ, ಪ್ಲಾಸ್ಟಿಕ್ ಹೂ, ದೀಪದ ಸರ ಎಲ್ಲವನ್ನೂ ಬಾಡಿಗೆಗೆ ಕೊಡುತ್ತೇವೆ. ವಾಪಸ್ ಬಂದದ್ದನ್ನು ತೊಳೆದು, ಒಣಗಿಸಿ, ಹರಿದಿದ್ದರೆ ಹೊಲಿದು ಮತ್ತೆ ಕಪಾಟು ಸೇರಿಸುವುದು ನನ್ನ ಮತ್ತು ಅಕ್ಕನ ಕೆಲಸವಾಗಿತ್ತು. ಅಕ್ಕ ಎಂದರೆ ಒಡಹುಟ್ಟಿದವಳಲ್ಲ. ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು, ಶಿವನಿಯಿಂದ ದಿನಾ ರೈಲಿನಲ್ಲಿ ಬರುತ್ತಿದ್ದಳು. ಗೋಡೌನಿನಲ್ಲಿ ಎಂಟು ವರ್ಷ ಒಟ್ಟಿಗೆ ಕೂತು ಹೂವಿನ ಧೂಳು ಒರೆಸಿದ ಮೇಲೆ ಬೇರೆ ಸಂಬಂಧ ಹುಡುಕಬೇಕಾಗಿಲ್ಲ.

ಶಾಲೆಯ ಹೆಡ್ ಮೇಡಂ ಮಾಲೀಕರಿಗೆ ಫೋನ್ ಮಾಡಿ ಹೇಳಿದ್ದು ಇಷ್ಟು. ಮರವನ್ನು ಚಿಕ್ಕ ಮಕ್ಕಳ ತರಗತಿಯಲ್ಲಿ ನಿಲ್ಲಿಸಿದ ಮಾರನೇ ದಿನದಿಂದ ಮಕ್ಕಳಿಗೆ ಸೀನು, ಕೆಮ್ಮು, ಕಣ್ಣು ಕೆಂಪು. ಒಂದು ಮಗು ನೆಲದಲ್ಲಿ ಬಿದ್ದ ಹಿಮವನ್ನು ಬಾಯಿಗೇ ಹಾಕಿಕೊಂಡಿದೆ. ಶನಿವಾರ ಕಾರ್ಯಕ್ರಮ. ಅಷ್ಟರೊಳಗೆ ಬಿಳಿ ತೆಗೆದು ಬರೀ ಹಸಿರು ಮರ ತರಬೇಕು. ಆಗದಿದ್ದರೆ ಈ ಮರವೂ ಬೇಡ, ಮುಂದಿನ ವಾರ್ಷಿಕೋತ್ಸವಕ್ಕೆ ನಮ್ಮ ಅಂಗಡಿಯೂ ಬೇಡ.

ಮಾಲೀಕರು ಮರವನ್ನು ಒಂದು ಸುತ್ತು ನೋಡಿದರು.

"ವಾಟರ್ ಸರ್ವೀಸಿಗೆ ತಗೊಂಡೋಗಿ ಗಾಡಿ ತೊಳ್ಯೋ ಪೈಪಲ್ಲಿ ಹೊಡ್ಸಿದ್ರೆ ಆಯ್ತು. ಹತ್ತು ನಿಮಿಷದ ಕೆಲ್ಸ."

"ದೀಪದ ಸರ ಕೊಂಬೆಗೇ ಸುತ್ತಿದೆ ಅಣ್ಣ," ಎಂದೆ. "ನೀರು ಹೊಡುದ್ರೆ ಹೋಲ್ಡರ್ ಒಳಗೆ ಇಳಿಯತ್ತೆ. ಶನಿವಾರ ಮಕ್ಕಳ ಮಧ್ಯೆ ಪ್ಲಗ್ ಹಾಕೋದು ಯಾರು?"

ನೀರು ಕುಡಿದ ಸರವನ್ನು ಪ್ಲಗ್ಗಿಗೆ ಹಾಕಿ ಒಮ್ಮೆ ಮೊಣಕೈವರೆಗೆ ಕರೆಂಟಿನ ಏಟು ತಿಂದವಳು ನಾನು. ಅವರಿಗೂ ಅದು ನೆನಪಿತ್ತು. ಹಾಗಾದರೆ ಒಣಗಿದ್ದನ್ನೇ ಬ್ರಶ್ಶಿನಲ್ಲಿ ಉಜ್ಜಿ, ಕೋಲಿನಿಂದ ಬಡಿದು ಕೆಡವಿ ಎಂದರು. ಪಕ್ಕದಲ್ಲಿ ಬೇಕರಿ ಇದೆ, ಬನ್ನಿನ ತಟ್ಟೆಗೆ ಧೂಳು ಹೋದರೆ ಜಗಳ, ಆದ್ದರಿಂದ ಗೋಡೌನಿನ ಶಟರ್ ಎಳೆದುಕೊಂಡು ಒಳಗೇ ಮಾಡಿ ಎಂದೂ ಸೇರಿಸಿದರು.

ದೀಪದ ವಿಷಯದಲ್ಲಿ ಬಾಯಿ ತೆರೆದವಳು ನಾನು ಶಟರ್ ವಿಷಯದಲ್ಲಿ ಸುಮ್ಮನಿದ್ದೆ.

ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಶುರು ಮಾಡಿದೆವು. ಡ್ರಾಯರಿನಲ್ಲಿ ಕೊರೊನಾ ಕಾಲದ ದಪ್ಪ ಮಾಸ್ಕ್ ಒಂದೇ ಒಂದು ಉಳಿದಿತ್ತು, ಪ್ಯಾಕೆಟ್ ಕೂಡ ಒಡೆದಿರಲಿಲ್ಲ. ಅದನ್ನು ನಾನು ಹಾಕಿಕೊಂಡೆ. ನಾನೇ ಯಾಕೆ ಎಂದರೆ, ಡ್ರಾಯರ್ ತೆಗೆದವಳು ನಾನು. ಇದಕ್ಕಿಂತ ದೊಡ್ಡ ಕಾರಣ ಹುಡುಕಿದ್ದೇನೆ, ಸಿಕ್ಕಿಲ್ಲ. ಚಳಿಗಾಲ ಬಂತೆಂದರೆ ಅಕ್ಕ ಸ್ಟೇಷನ್ನಿನ ಮೇಲ್ಸೇತುವೆಯ ಮೆಟ್ಟಿಲಲ್ಲಿ ಎರಡು ಕಡೆ ನಿಂತು ಉಸಿರೆಳೆದುಕೊಳ್ಳುತ್ತಾಳೆಂದು ನನಗೆ ಗೊತ್ತಿತ್ತು. ಅವಳ ಎದೆಯೊಳಗಿನ ಸುಂಯ್ ಸದ್ದು ಕೇಳಿದ್ದೆ. ಆದರೂ ಅವಳು ಸೆರಗನ್ನು ಮೂಗಿನ ಮೇಲೆ ಎರಡು ಸುತ್ತು ಸುತ್ತಿಕೊಂಡಾಗ, "ಸಾಕಾಗತ್ತೆ ಬಿಡಕ್ಕ, ಒಂದು ಗಂಟೆ ಕೆಲ್ಸ" ಎಂದೆ.

ನಾನು ಏಣಿಯ ಮೇಲೆ ನಿಂತು ತುದಿಯಿಂದ ಬಡಿಯುತ್ತಾ ಬಂದೆ. ಅಕ್ಕ ಕೆಳಗಿನ ಕೊಂಬೆಗಳನ್ನು ತೆಂಗಿನ ನಾರಿನ ಬ್ರಶ್ಶಿನಿಂದ ಉಜ್ಜಿದಳು. ನಾನು ಕೆಡವಿದ್ದೆಲ್ಲ ಅವಳ ತಲೆಯ ಮೇಲೆ ಹಾದು ಇಳಿಯುತ್ತಿತ್ತು. ದಪ್ಪ ಚೂರುಗಳು ನೆಲಕ್ಕೆ ಬಿದ್ದವು, ನಯವಾದದ್ದು ಬೀಳಲೇ ಇಲ್ಲ. ತಗಡಿನ ಸಂದಿಯಿಂದ ಬರುವ ಬಿಸಿಲಿನ ಕೋಲಿನಲ್ಲಿ ಅದು ಸುಮ್ಮನೆ ತೇಲುತ್ತಾ ನಿಂತಿತ್ತು. ಒಂದು ಗಂಟೆಯಾಯಿತು, ಅರ್ಧ ಮರವೂ ಹಸಿರಾಗಲಿಲ್ಲ.

ಅಕ್ಕ ಕೆಮ್ಮಿದಳು. "ನೀರು ಕುಡ್ದು ಬತ್ತೀನಿ ತಡಿ" ಎಂದು ಶಟರಿನತ್ತ ಹೋದಳು. ಎತ್ತಲು ಬಗ್ಗಿದವಳು ಎತ್ತಲಿಲ್ಲ, ಅಲ್ಲೇ ಕುಕ್ಕರಿಸಿದಳು. ಏಣಿ ಇಳಿದು ಹೋಗಿ ನೋಡಿದರೆ ಎರಡೂ ಕೈ ಮಂಡಿಗೆ ಊರಿ, ಭುಜ ಮೇಲೆತ್ತಿ, ಉಸಿರನ್ನು ಒಳಗೆ ಎಳೆಯಲು ಹೆಣಗುತ್ತಿದ್ದಳು. ತುಟಿ ಕಪ್ಪಿಟ್ಟಿತ್ತು. ಮಾತು ಬರುತ್ತಿರಲಿಲ್ಲ. ಶಟರ್ ಎತ್ತಿ ಕೂಗಿದೆ. ಬೇಕರಿಯವರೇ ಓಡಿ ಬಂದು ಆಟೋಗೆ ಹತ್ತಿಸಿದರು.

ಆಸ್ಪತ್ರೆಯಲ್ಲಿ ಆಮ್ಲಜನಕ ಹಾಕಿದರು. ಮುಖಕ್ಕೆ ಔಷಧದ ಹೊಗೆ ಕೊಡುವ ಮೆಶಿನ್ ಹಚ್ಚಿದರು, ಇಂಜೆಕ್ಷನ್ ಕೊಟ್ಟರು. ಡ್ಯೂಟಿಯಲ್ಲಿದ್ದ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಅಕ್ಕನ ಕೂದಲಲ್ಲಿ, ಕಿವಿಯ ಸಂದಿಯಲ್ಲಿ ಇದ್ದ ಬಿಳಿಯನ್ನು ಬೆರಳಿಂದ ಒರೆಸಿ ನೋಡಿ ನನ್ನನ್ನು ಕೇಳಿದರು.

"ಏನಿದು ಪುಡಿ?"

"ಕ್ರಿಸ್ಮಸ್ ಮರದ ಹಿಮ ಮೇಡಂ. ಹತ್ತಿ ಪುಡಿ ಅಂತಾರೆ."

"ಅಂತಾರೆ ಅಂದ್ರೆ? ಕವರ್ ಮೇಲೆ ಏನು ಬರ್ದಿದೆ?"

ನನಗೆ ಗೊತ್ತಿರಲಿಲ್ಲ. ಅವರ ಕಣ್ಣು ನನ್ನ ಕುತ್ತಿಗೆಗೆ ಇಳಿಯಿತು. ಮಾಸ್ಕ್ ಅಲ್ಲೇ ನೇತಾಡುತ್ತಿತ್ತು.

"ಇಂಥವು ಎಷ್ಟಿದ್ವು?"

"ಒಂದೇ."

ಮಂಚದ ಮೇಲಿದ್ದ ಅಕ್ಕನ ಕಣ್ಣು ತೆರೆದೇ ಇತ್ತು. ಅವಳಿಗೆ ಕೇಳಿಸಿತೆಂದು ನನಗೆ ಗೊತ್ತು.

ಹೊರಗೆ ಬಂದು ಮಾಲೀಕರಿಗೆ ಫೋನ್ ಮಾಡಿದೆ. "ಹತ್ತಿ ಪುಡಿ ಅಂತ ಹೇಳಮ್ಮ, ಸಾಕು. ಅವಳಿಗೆ ಮೊದ್ಲಿಂದ್ಲೂ ಉಬ್ಬಸ ಇತ್ತಲ್ಲ, ಅದನ್ನ ಹೇಳು" ಎಂದರು. ಆ ದನಿಯಲ್ಲಿ ಗಾಬರಿಗಿಂತ ಅವಸರ ಹೆಚ್ಚಿತ್ತು. ನಾನು ನೇರ ಗೋಡೌನಿಗೆ ಹೋಗಿ ಅಟ್ಟ ಹತ್ತಿದೆ. ಈ ಮರವನ್ನು ಅವರು ಚಿಕ್ಕಮಗಳೂರಿನ ಕಡೆ ಮುಚ್ಚಿಹೋದ ಒಂದು ಲಾಡ್ಜಿನಿಂದ ಹಳೆಯದಾಗಿಯೇ ತಂದಿದ್ದರು. ಅದರ ಪೆಟ್ಟಿಗೆಯ ಹಿಂದೆ ಅರ್ಧ ಖಾಲಿಯಾದ ಒಂದು ಚೀಲ, ಹಿಟ್ಟು ಸಾಣಿಸುವ ಜರಡಿ, ಬಿಳಿ ಗೋಂದಿನ ಡಬ್ಬ ಸಿಕ್ಕವು. ಚೀಲದ ಮೇಲೆ ಪಿಒಪಿ ಎಂದು ದಪ್ಪಕ್ಷರದಲ್ಲಿತ್ತು. ಮನೆಯ ಸೀಲಿಂಗಿಗೆ ಬಳಿಯುತ್ತಾರಲ್ಲ, ಅದೇ ಪ್ಲಾಸ್ಟರ್. ಹಳೆಯ ಹಿಮ ಉದುರಿ ಮರ ಬೋಳಾದ ಕಡೆಯೆಲ್ಲ ಗೋಂದು ಬಳಿದು, ಇದನ್ನು ಜರಡಿಯಿಂದ ಉದುರಿಸಿ ಮರ ಹೊಸದೆಂದು ಬಾಡಿಗೆಗೆ ಕೊಟ್ಟಿದ್ದರು.

ಆ ಚೀಲ ಎತ್ತಿಕೊಂಡು ಇಳಿದಾಗ ಅವರು ಬಾಗಿಲಲ್ಲಿ ನಿಂತಿದ್ದರು.

"ಎಲ್ಲಿಗೆ ತಗೊಂಡೋಗ್ತಿದೀಯಾ ಅದನ್ನ?"

"ಡಾಕ್ಟರಮ್ಮ ಕೇಳಿದ್ರು."

"ಹತ್ತಿ ಅಂತ ಹೇಳು ಅಂದ್ನಲ್ಲ. ಇದನ್ನ ತೋರ್ಸಿದ್ರೆ ಆಮೇಲೆ ಶಾಲೆಯೋರಿಗೂ ಗೊತ್ತಾಗತ್ತೆ. ನಿನ್ ಅನ್ನಕ್ಕೂ ಕಲ್ಲು ಬೀಳತ್ತೆ, ತಿಳ್ಕೊ."

ಎಂಟು ವರ್ಷದಲ್ಲಿ ಅವರ ಮಾತು ಮೀರಿದ್ದು ನಾನು ಅದೇ ಮೊದಲು. ಪಕ್ಕಕ್ಕೆ ಸರಿದು ರಸ್ತೆಗಿಳಿದೆ. ಧೈರ್ಯ ಬಂದಿತ್ತು ಎಂದು ಈಗ ಬರೆದರೆ ಸುಳ್ಳಾಗುತ್ತದೆ. ಇದ್ದ ಒಂದೇ ಮಾಸ್ಕನ್ನು ಯಾರು ಹಾಕಿಕೊಂಡಿದ್ದರು ಎಂಬ ಪ್ರಶ್ನೆಯ ಮುಂದೆ ಈ ಚೀಲವನ್ನು ಇಟ್ಟರೆ ಅದು ಸ್ವಲ್ಪ ಮರೆಯಾದೀತು ಎಂಬ ಆಸೆಯೂ ಆ ನಡಿಗೆಯಲ್ಲಿತ್ತು.

ಡಾಕ್ಟರಮ್ಮ ಚೀಲ ಓದಿ ಚೀಟಿಯಲ್ಲಿ ಬರೆದುಕೊಂಡರು. ಉಬ್ಬಸದ ಎದೆಗೆ ಯಾವ ನಯ ಧೂಳಾದರೂ ಸಾಕು, ಮುಚ್ಚಿದ ಕೋಣೆಯಲ್ಲಂತೂ ಕೇಳುವುದೇ ಬೇಡ ಎಂದರು. ಉಳಿದದ್ದನ್ನು ಹೇಗೆ ತೆಗೆಯಲಿ ಎಂದು ಕೇಳಿದೆ. ಅವರು ನನ್ನನ್ನು ಒಂದು ಥರ ನೋಡಿದರು. ಅಕ್ಕ ಮಲಗಿರುವಾಗ ಮರದ ಚಿಂತೆಯೇ ಎಂದುಕೊಂಡಿರಬೇಕು. ಆದರೂ ಹೇಳಿದರು. ಬಯಲಲ್ಲಿ ಮಾಡಿ, ಒಣಗಿದ್ದನ್ನು ಬಡಿಯಬೇಡಿ, ಒದ್ದೆ ಮಾಡಿದರೆ ಹಾರುವುದಿಲ್ಲ, ಮೂಗು ಕಣ್ಣು ಎರಡೂ ಮುಚ್ಚಿಕೊಳ್ಳಿ, ಆ ಬಟ್ಟೆಯಲ್ಲೇ ಮನೆಯೊಳಗೆ ಹೋಗಬೇಡಿ.

ಆ ಸಂಜೆ ಮಾಲೀಕರಿಗೆ ಹೇಳಿದೆ. ಮರವನ್ನು ಸಖರಾಯಪಟ್ಟಣದ ನನ್ನ ತಮ್ಮನ ತೋಟಕ್ಕೆ ಕಳಿಸಿ, ನಾನೊಬ್ಬಳೇ ಮಾಡುತ್ತೇನೆ, ಯಾರೂ ಹತ್ತಿರ ಬರುವುದು ಬೇಡ. ಅವರು ಬೈಯಲಿಲ್ಲ. ಶನಿವಾರ ಹತ್ತಿರವಿತ್ತು, ಈ ಕೆಲಸ ಬಲ್ಲವಳು ಇನ್ನೊಬ್ಬಳಿರಲಿಲ್ಲ.

ಬುಧವಾರ ಬೆಳಕು ಹರಿಯುತ್ತಲೇ ತೋಟದಲ್ಲಿದ್ದೆ. ತಮ್ಮ ಮರ ನೋಡಿ ಮುಖ ಗಂಟಿಕ್ಕಿದ. "ಕಣದ ಹತ್ರ ತರಬೇಡಕ್ಕ ಅದನ್ನ. ರಾಗಿ ಬಡ್ಯೋ ಜಾಗ. ಬಾವಿ ಕಡೇಗೂ ಬೇಡ." ಅವನು ಹೇಳಿದ್ದು ಸರಿಯಾಗಿತ್ತು. ಬೇಲಿಯ ಪಕ್ಕದ ಖಾಲಿ ಜಾಗದಲ್ಲಿ ಎರಡು ಟಾರ್ಪಾಲು ಒಂದರ ಮೇಲೊಂದು ಹಾಸಿ, ಅಂಚುಗಳ ಕೆಳಗೆ ಇಟ್ಟಿಗೆ ಕೊಟ್ಟು ತಟ್ಟೆಯಂತೆ ಎತ್ತರಿಸಿದೆ, ನೀರು ಹೊರಗೆ ಹೋಗದಿರಲೆಂದು. ಹೊಸ ಮಾಸ್ಕ್, ಬೈಕಿನವರ ಕನ್ನಡಕ, ರಬ್ಬರ್ ಗ್ಲೌಸು. ಹಿಂದಿನ ದಿನವೇ ಮೆಡಿಕಲ್ಲಿನಲ್ಲಿ ಇಡೀ ಪೆಟ್ಟಿಗೆ ಮಾಸ್ಕ್ ಕೊಂಡಿದ್ದೆ. ಕೊಳ್ಳಲು ಐದು ನಿಮಿಷ ಹಿಡಿದಿತ್ತು.

ಮೊದಲು ದೀಪದ ಸರ. ಉಳಿಸುವ ಆಸೆ ಬಿಟ್ಟು, ಕಟ್ಟಿದ ಪಟ್ಟಿಗಳನ್ನು ಕತ್ತರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿಕೊಳ್ಳುತ್ತಾ ಮೆಲ್ಲಗೆ ಬಿಡಿಸಿ ಚೀಲಕ್ಕೆ ಹಾಕಿದೆ. ಆಮೇಲೆ ಮರವನ್ನು ಮೂರು ಭಾಗ ಮಾಡಿದೆ. ಒಂದೊಂದು ಕೊಂಬೆಯನ್ನೂ ಕೊಕ್ಕೆಯಿಂದ ಕಳಚಿ, ಎಲ್ಲಿಯದೆಂದು ಮರೆಯದಂತೆ ಬುಡಕ್ಕೆ ಬಣ್ಣದ ಟೇಪ್ ಸುತ್ತಿದೆ. ಮೇಲಿನ ಸಾಲಿಗೆ ಕೆಂಪು, ನಡುವಿನದಕ್ಕೆ ಹಳದಿ, ಕೆಳಗಿನದಕ್ಕೆ ನೀಲಿ.

ಒಂದು ಕೊಂಬೆಯನ್ನು ಪರೀಕ್ಷೆಗೆ ತೆಗೆದುಕೊಂಡೆ. ಗಿಡಕ್ಕೆ ಔಷಧಿ ಹೊಡೆಯುವ ಹೊಸ ಕೈಪಂಪಿನಲ್ಲಿ ನೀರು, ಅದಕ್ಕೆ ನಾಲ್ಕು ಹನಿ ಪಾತ್ರೆ ತೊಳೆಯುವ ಸೋಪು. ಮಂಜಿನಂತೆ ಸಿಂಪಡಿಸಿ, ನೆನೆಯಲಿ ಎಂದು ಅರ್ಧ ಗಂಟೆ ಬಿಸಿಲಲ್ಲಿಟ್ಟೆ. ಧೂಳು ಹಾರಲಿಲ್ಲ, ಅದೊಂದು ಗೆದ್ದೆ. ಆದರೆ ಬಂದು ಮುಟ್ಟಿದರೆ ಎಲೆಗಳೆಲ್ಲ ಕಲ್ಲು. ಪ್ಲಾಸ್ಟರಿಗೆ ನೀರು ತಾಗಿದರೆ ಗಟ್ಟಿಯಾಗುತ್ತದೆ ಎಂಬುದು ಗಾರೆ ಕೆಲಸದವರಿಗೆಲ್ಲ ಗೊತ್ತು. ನನಗೂ ಗೊತ್ತಿತ್ತು, ಆ ಹೊತ್ತಿನಲ್ಲಿ ತಲೆಗೆ ಬರಲಿಲ್ಲ. ಉಗುರಿನಲ್ಲಿ ಕೆರೆದೆ, ಎಲೆಯ ಸಮೇತ ಕಿತ್ತು ಬಂತು. ಆ ಕೊಂಬೆ ಹೋಯಿತು.

ಟಾರ್ಪಾಲಿನ ಮೇಲೆ ಕೂತೆ. ಮರವನ್ನು ಇಲ್ಲೇ ಬಿಟ್ಟು ಎದ್ದು ಹೋದರೆ ಏನಾಗುತ್ತದೆ ಎಂದು ಯೋಚಿಸಿದೆ. ಮಾಲೀಕರು ಇನ್ನಿಬ್ಬರು ಹೆಂಗಸರನ್ನು ಕರೆತಂದು ಮತ್ತೆ ಶಟರ್ ಎಳೆಯುತ್ತಾರೆ. ಅಷ್ಟೇ ಆಗುವುದು.

ಎರಡನೇ ಕೊಂಬೆಗೆ ಕ್ರಮ ಬದಲಿಸಿದೆ. ನೆನೆಯಲು ಬಿಡಲಿಲ್ಲ. ಅಂಗೈ ಅಗಲದಷ್ಟು ಜಾಗಕ್ಕೆ ಮಾತ್ರ ಸಿಂಪಡಿಸಿ, ಗಟ್ಟಿಯಾಗುವ ಮೊದಲೇ ಹಳೆ ಪಂಚೆಯ ತುಂಡಿನಿಂದ ಬುಡದಿಂದ ತುದಿಗೆ ಒಂದೇ ಎಳೆತಕ್ಕೆ ಒರೆಸಿದೆ. ಬಟ್ಟೆಯನ್ನು ಬಕೆಟ್ಟಿನಲ್ಲಿ ಅದ್ದಿ, ಹಿಂಡಿ, ಮುಂದಿನ ಅಂಗೈ ಅಗಲ. ಹೀಗೆ ಸಡಿಲ ಪುಡಿಯೆಲ್ಲ ಹೋದ ಮೇಲೆ ಗೋಂದಿನ ಪದರ ಉಳಿಯಿತು. ಅದಕ್ಕೆ ಉಗುರುಬೆಚ್ಚಗಿನ ಸೋಪು ನೀರಿನ ಬಟ್ಟೆಯನ್ನು ಹತ್ತು ನಿಮಿಷ ಸುತ್ತಿಟ್ಟೆ. ಬಿಚ್ಚಿದಾಗ ಗೋಂದು ಹಾಲಿನ ಕೆನೆಯ ಹಾಗೆ ಮೆತ್ತಗಾಗಿತ್ತು, ಹಲ್ಲುಜ್ಜುವ ಹಳೆ ಬ್ರಶ್ಶಿಗೆ ಬಂದುಬಿಟ್ಟಿತು. ಕೆಳಗಿನಿಂದ ಹಸಿರು ಕಂಡಿತು. ತುಸು ಮಂಕು, ಆದರೆ ಹಸಿರು.

ಬುಧವಾರ ಇಡೀ ದಿನ, ಗುರುವಾರ ಮಧ್ಯಾಹ್ನದವರೆಗೆ ಅದೇ. ಗಾಳಿ ಎದ್ದಾಗ ನಿಲ್ಲಿಸುತ್ತಿದ್ದೆ. ತೊಳೆದ ಕೊಂಬೆಯನ್ನು ತುದಿ ಕೆಳಗಾಗಿ ತಂತಿಗೆ ನೇತುಹಾಕಿದೆ, ಕೊಕ್ಕೆಗೆ ನೀರಿಳಿದು ತುಕ್ಕು ಹಿಡಿಯದಿರಲೆಂದು. ಕೊಳೆ ನೀರನ್ನು ಮಣ್ಣಿಗೆ ಚೆಲ್ಲಲಿಲ್ಲ. ಬಕೆಟ್ಟಿನಲ್ಲೇ ಬಿಟ್ಟೆ, ತಳದಲ್ಲಿ ಅದು ಕಲ್ಲಾಗಿ ಕೂತಿತು. ಆ ಉಂಡೆಗಳನ್ನು ಚೀಲಕ್ಕೆ ತುಂಬಿ ಬಾಯಿ ಕಟ್ಟಿದೆ. ಸಂಜೆ ಬೇಲಿಯ ಹೊರಗೇ ಬಟ್ಟೆ ಬದಲಿಸಿ, ತಲೆಗೆ ನೀರು ಹಾಕಿಕೊಂಡು ತಮ್ಮನ ಮನೆಗೆ ಹೋದೆ. ಎಲ್ಲವೂ ಸರಿಯಾದ ರೀತಿಯಲ್ಲೇ ನಡೆಯಿತು. ಒಮ್ಮೆಯೂ ಕೆಮ್ಮಲಿಲ್ಲ. ಒಂದು ದಿನ ಮೊದಲು ಇಷ್ಟನ್ನೇ ಮಾಡಿದ್ದರೆ ಸಾಕಿತ್ತು ಎಂಬುದು ಒಂದೊಂದು ಕೊಂಬೆ ಮುಗಿದಾಗಲೂ ಮತ್ತೆ ಮತ್ತೆ ತಿಳಿಯುತ್ತಿತ್ತು.

ಶುಕ್ರವಾರ ಕೊಂಬೆಗಳು ಪೂರ್ತಿ ಒಣಗಿದವು. ಕಪ್ಪು ಬಟ್ಟೆಯ ಮೇಲೆ ಕೊಡವಿ ನೋಡಿದೆ, ಬಿಳಿ ಬೀಳಲಿಲ್ಲ. ಕೆಟ್ಟ ಕೊಂಬೆಯನ್ನು ಬಿಟ್ಟು, ಉಳಿದದ್ದನ್ನು ಬಣ್ಣ ನೋಡಿ ಜೋಡಿಸಿ, ಮಧ್ಯಾಹ್ನ ತರೀಕೆರೆಗೆ ಕೊಂಡೊಯ್ದೆವು. ಆ ತರಗತಿಯನ್ನು ಅಷ್ಟರಲ್ಲಿ ಒದ್ದೆ ಬಟ್ಟೆಯಿಂದ ಮೂರು ಸಲ ಒರೆಸಿದ್ದರಂತೆ. ಹೆಡ್ ಮೇಡಂ ಮರವನ್ನು ಮುಟ್ಟಿ ಅಂಗೈ ನೋಡಿಕೊಂಡರು.

"ಚೆನ್ನಾಗಿ ಮಾಡಿದ್ದೀರಿ. ಅದೇನಿತ್ತು ಆ ಪುಡಿ?"

"ಹತ್ತಿ, ಮೇಡಂ. ಕೆಮಿಕಲ್ ಏನೂ ಹಾಕ್ದೆ ನಮ್ದೇ ಒಂದು ವಿಧಾನದಲ್ಲಿ ತೆಗ್ಸಿದ್ವಿ," ಎಂದರು ಮಾಲೀಕರು.

"ಹತ್ತಿ ಅಲ್ಲ ಮೇಡಂ," ಎಂದೆ. "ಸೀಲಿಂಗಿಗೆ ಬಳಿಯೋ ಪಿಒಪಿ. ಬಾಯಿಗೆ ಹಾಕ್ಕೊಂಡ ಮಗೂನ ಡಾಕ್ಟ್ರಿಗೆ ಒಂದ್ಸಲ ತೋರಿಸ್ಬಿಡಿ. ಇದನ್ನ ಬಡಿಯೋಕೆ ಹೋಗಿ ನಮ್ಮಕ್ಕ ಆಸ್ಪತ್ರೇಲಿ ಮಲಗಿದ್ದಾಳೆ."

ಮೇಡಂ ಮುಖ ಬಿಳುಪೇರಿತು. ಮಗುವಿನ ಮನೆಗೆ ಆಗಲೇ ಫೋನ್ ಮಾಡಿದರು, ಮಗು ಚೆನ್ನಾಗಿದೆ ಎಂದು ತಿಳಿದ ಮೇಲೆ ಕುರ್ಚಿಯಲ್ಲಿ ಕೂತರು. "ಈಗ ಒಂಚೂರೂ ಇಲ್ಲ ತಾನೆ?" ಎಂದು ನನ್ನನ್ನೇ ಕೇಳಿದರು. ಇಲ್ಲ ಎಂದೆ. "ಅಯ್ಯೋ ಪಾಪ, ನಿಮ್ಮಕ್ಕ" ಎಂದರು. ಸ್ವಲ್ಪ ಹೊತ್ತಿಗೆ ಎದ್ದು, ತುದಿಯ ನಕ್ಷತ್ರ ಒಂಚೂರು ಎಡಕ್ಕೆ ವಾಲಿದೆ ನೋಡಿ ಎಂದರು. ನಾನು ಏಣಿ ಹತ್ತಿ ಸರಿಮಾಡಿದೆ.

ವಾಪಸ್ ಬರುವಾಗ ಆಟೋದಲ್ಲಿ ಮಾಲೀಕರ ಪಕ್ಕದಲ್ಲೇ ಕೂತೆ. ಕೆಲಸದಿಂದ ತೆಗೆಯುತ್ತಾರೆಂದು ಕಾದೆ. ತೆಗೆಯಲಿಲ್ಲ. ಶಾಲೆಯೂ ಅವರನ್ನು ಬಿಡಲಿಲ್ಲ, ಮುಂದೆ ಏನೇ ಬಂದರೂ ನನ್ನ ಕೈಯಿಂದಲೇ ಬರಬೇಕೆಂದು ಮೇಡಂ ಹೇಳಿಕಳಿಸಿದರು. ನಿಜ ಹೇಳಿದ್ದಕ್ಕೆ ನನ್ನ ಬೆಲೆ ಏರಿತ್ತು. ಅಂಗಡಿಯಲ್ಲಿ ಖಾಲಿಯಾದ ಜಾಗ ಅಕ್ಕನದು ಮಾತ್ರ. ಧೂಳಿನ ಕೆಲಸ ಇನ್ನು ಮಾಡಲೇಕೂಡದೆಂದು ಡಾಕ್ಟರಮ್ಮ ಬರೆದುಕೊಟ್ಟಿದ್ದರು. ನಮ್ಮಲ್ಲಿ ಧೂಳಿಲ್ಲದ ಕೆಲಸ ಎಂದರೆ ಗಲ್ಲಾದಲ್ಲಿ ಕೂರುವುದು, ಅಲ್ಲಿ ಮಾಲೀಕರೇ ಕೂರುತ್ತಾರೆ.

ಜನವರಿಯ ಒಂದು ಭಾನುವಾರ ರೈಲು ಹಿಡಿದು ಶಿವನಿಗೆ ಹೋದೆ. ಅಕ್ಕ ಮನೆ ಮುಂದಿನ ಬಿಸಿಲಿನಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಇಳಿದುಹೋಗಿದ್ದಳು. ಉಸಿರಿನೊಂದಿಗೆ ಎಳೆದುಕೊಳ್ಳುವ ಔಷಧಿಯ ಡಬ್ಬಿ ಪಕ್ಕದಲ್ಲೇ ಇತ್ತು. ಗಂಡ, ಮಗ ಹೊಲಕ್ಕೆ ಹೋಗಿದ್ದರು. ನಾನೂ ಕೂತು ಕಾಯಿ ಸುಲಿಯತೊಡಗಿದೆ. ರೈಲಿನುದ್ದಕ್ಕೂ ಜೋಡಿಸಿಕೊಂಡು ಬಂದ ಮಾತನ್ನು ಶುರು ಮಾಡಿದೆ.

"ಅಕ್ಕ, ಆವತ್ತು ಆ ಮಾಸ್ಕ್ ನಾನು..."

"ಗೊತ್ತು ಬಿಡು," ಎಂದಳು. ಕೈ ನಿಲ್ಲಿಸಲಿಲ್ಲ. "ನೀನು ಕೊಡ್ತೀಯೇನೋ ಅಂತ ನೋಡ್ದೆ. ಕೊಡ್ಲಿಲ್ಲ. ಕೇಳೋಕೆ ನಂಗೆ ಬಾಯಿ ಬರ್ಲಿಲ್ಲ."

ಅವಳೇ ಮುಂದುವರಿಸಿದಳು.

"ಮನೇಲಿ ಬೇರೆ ಥರ ಹೇಳಿದೀನಿ ಕಣೇ. ನಂಗೂ ಒಂದು ಕೊಟ್ಟಿದ್ರು, ಸೆಕೆ ಅಂತ ನಾನೇ ಬಿಚ್ಚಿಟ್ಟೆ ಅಂತ. ಇಲ್ದಿದ್ರೆ ನನ್ ಮಗ ಅಂಗ್ಡಿ ಮುಂದೆ ಬಂದು ನಿನ್ನ ಜುಟ್ಟು ಹಿಡಿಯೋನು. ಈಗ ದಿನಾ ನಂಗೇ ಬೈತಾರೆ. ಕೊಟ್ಟಿದ್ನೂ ಹಾಕ್ಕೊಳ್ದೆ ಪ್ರಾಣಕ್ಕೆ ತಂದ್ಕೊಂಡ್ಳು, ದುಡಿಯೋ ಕೈನೂ ಕಳ್ಕೊಂಡ್ಳು ಅಂತ."

"ನಾನು ಇದ್ದು ಅವರಿಗೆ ನಿಜ ಹೇಳ್ತೀನಿ ಅಕ್ಕ."

"ಬೇಡ. ಹೇಳಿದ್ರೆ ನಿಂಗೆ ಹಗುರಾಗತ್ತೆ. ನಂಗೆ ಸುಳ್ಳುಗಾತಿ ಅಂತ ಇನ್ನೊಂದು ಬೈಗುಳ ಸೇರ್ಕೊಳತ್ತೆ." ಸುಲಿದ ಕಾಳನ್ನು ಅವಳು ಒಂದು ಚೀಲಕ್ಕೆ ತುಂಬಿ ನನ್ನ ಮುಂದಿಟ್ಟಳು. "ತಗೊಂಡೋಗು, ಸಾರು ಮಾಡ್ಕೊ. ಅವರು ಬರೋ ಹೊತ್ತಾಯ್ತು. ಇನ್ಮೇಲೆ ಬರಬೇಡ ಕಣೇ."

ಕಡೂರಿನ ರೈಲಿಗೆ ಇನ್ನೂ ಒಂದು ಗಂಟೆಗಿಂತ ಹೆಚ್ಚು ಸಮಯವಿತ್ತು. ಅಲ್ಲಿಯವರೆಗೆ ಕೂತಿರು ಎಂದು ಅವಳು ಹೇಳಲಿಲ್ಲ. ನಾನೂ ಕೇಳದೆ ಎದ್ದೆ.